ಟಿಸಿ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವಂತಿಲ್ಲ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಶಾಲೆ ಮತ್ತು ಕಾನೂನು

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಮನೆ ಎದುರು ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ. ಯಾದಗಿರಿ ಕಡೆಯ ಒಂದು ಕುಟುಂಬ ಅಲ್ಲೇ ಶೆಡ್ಡಿನಲ್ಲಿದೆ. ಹುಡುಗಿಗೆ ಒಂಬತ್ತು ವರ್ಷ, ಎರಡನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದಾಳೆ. ತಮ್ಮನಿಗೆ ಆರು. ಇಬ್ಬರನ್ನೂ ನಾನೇ ಹತ್ತಿರದ ಸರ್ಕಾರಿ ಶಾಲೆಗೆ ಕರೆದುಕೊಂಡು ಹೋದೆ. ಟಿಸಿ ತನ್ನಿ, ಜನನ ಪ್ರಮಾಣಪತ್ರ ತನ್ನಿ, ಈಗ ಅಕ್ಟೋಬರ್ ಆಯ್ತು, ಮುಂದಿನ ಜೂನ್‌ಗೆ ಬನ್ನಿ ಅಂದರು. ಕಡ್ಡಾಯ ಶಿಕ್ಷಣದ ಕಾನೂನು ಬರೀ ಹೆಸರಿಗಾ?
(ಓದುಗರು, ಬೆಂಗಳೂರು)

ಉತ್ತರ: ಹೆಸರಿಗಲ್ಲ. ಆ ಮಕ್ಕಳನ್ನು ಅವತ್ತೇ ಸೇರಿಸಿಕೊಳ್ಳಬೇಕಿತ್ತು. ನಿಮಗೆ ಹೇಳಿದ ಮೂರು ಕಾರಣಕ್ಕೂ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ, ನಾವೆಲ್ಲ ಆರ್‌ಟಿಇ ಅನ್ನುವ ಕಾಯ್ದೆಯಲ್ಲಿ, ನೇರವಾದ ಉತ್ತರ ಇದೆ.

ಟಿಸಿ ಬರುವುದು ತಡವಾಯಿತು ಅಂತ ಪ್ರವೇಶ ನಿಲ್ಲಿಸುವಂತಿಲ್ಲ ಎಂದು 5ನೇ ಸೆಕ್ಷನ್ ಹೇಳುತ್ತದೆ. ಇನ್ನೂ ಒಂದು ಮಾತು ಅಲ್ಲೇ ಇದೆ: ಟಿಸಿ ಕೊಡಲು ತಡಮಾಡುವ ಹೆಡ್ಮಾಸ್ಟರ್ ಮೇಲೆ ಶಿಸ್ತುಕ್ರಮ ಆಗಬಹುದು. ಊರಿನ ಶಾಲೆಯಿಂದ ಕಾಗದ ತರಿಸುವುದು ಎರಡು ಶಾಲೆಗಳ ನಡುವಿನ ಕೆಲಸ. ಗಾರೆ ಕೆಲಸದ ಅಪ್ಪ ಅದಕ್ಕಾಗಿ ಮೂರು ದಿನದ ಕೂಲಿ ಕಳೆದುಕೊಂಡು ಯಾದಗಿರಿಗೆ ಹೋಗಿಬರಬೇಕಿಲ್ಲ. ವಯಸ್ಸಿನ ದಾಖಲೆ ಇಲ್ಲ ಅಂತ ಸೀಟು ನಿರಾಕರಿಸುವಂತಿಲ್ಲ ಅನ್ನುವುದು 14ನೇ ಸೆಕ್ಷನ್. ಅಂಗನವಾಡಿಯ ದಾಖಲೆ, ನರ್ಸಮ್ಮನ ರಿಜಿಸ್ಟರ್, ಅದೂ ಇಲ್ಲದಿದ್ದರೆ ಅಪ್ಪ ಅಮ್ಮ ಬರೆದುಕೊಡುವ ಹೇಳಿಕೆಯನ್ನೂ ಕೇಂದ್ರದ ಮಾದರಿ ನಿಯಮ ಒಪ್ಪುತ್ತದೆ. ಇನ್ನು ಅಕ್ಟೋಬರ್ ಮಾತು. ವರ್ಷದ ನಡುವೆ ಬಂದ ಮಗುವನ್ನೂ ಸೇರಿಸಿಕೊಳ್ಳಬೇಕು, ಅದು 15ನೇ ಸೆಕ್ಷನ್. ಸ್ಥಳೀಯ ಆಡಳಿತದ ಕೆಲಸಗಳ ಪಟ್ಟಿಯಲ್ಲಿ ವಲಸೆ ಬಂದವರ ಮಕ್ಕಳ ಪ್ರವೇಶವನ್ನು ಬೇರೆಯಾಗಿಯೇ ಬರೆದಿದ್ದಾರೆ.

ಹುಡುಗಿಯ ವಿಷಯದಲ್ಲಿ ಇನ್ನೊಂದು ಗಮನಿಸಿ. ಅವಳು ಓದು ಬಿಟ್ಟಿದ್ದು ಎರಡನೇ ಕ್ಲಾಸಿನಲ್ಲಿ. ಹಾಗಂತ ಏಳು ವರ್ಷದ ಮಕ್ಕಳ ಜೊತೆ ಕೂರಿಸಬಾರದು. ವಯಸ್ಸಿಗೆ ತಕ್ಕ ಕ್ಲಾಸಿಗೆ, ಅಂದರೆ ನಾಲ್ಕನೇ ಕ್ಲಾಸಿಗೆ ಸೇರಿಸಿ, ತಪ್ಪಿಹೋದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಇದಕ್ಕೆ ಮೂರು ತಿಂಗಳಿಂದ ಎರಡು ವರ್ಷದವರೆಗೆ ಸಮಯವಿದೆ. ನಡುವೆ ಹದಿನಾಲ್ಕು ತುಂಬಿದರೂ ಎಂಟನೇ ಕ್ಲಾಸ್ ಮುಗಿಯುವವರೆಗೆ ಓದು ಉಚಿತ. ಈ ಸೌಲಭ್ಯ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಚಿಕ್ಕ ಮಕ್ಕಳ ನಡುವೆ ಕೂತು ನಾಚಿಕೆಯಾಗಿ ಮತ್ತೆ ಶಾಲೆ ಬಿಟ್ಟ ಎಷ್ಟೋ ಹುಡುಗಿಯರನ್ನು ನಾನು ನೋಡಿದ್ದೇನೆ.

ಈಗ ನೀವು ಕೇಳಿದ ‘ಕಡ್ಡಾಯ’ದ ಮಾತಿಗೆ ಬರೋಣ. ಕಡ್ಡಾಯ ಅಂದರೆ ಯಾರಿಗೆ ಕಡ್ಡಾಯ? ಗೋಪಾಲಕೃಷ್ಣ ಗೋಖಲೆ 1911ರಲ್ಲಿ ಕಡ್ಡಾಯ ಶಿಕ್ಷಣದ ಮಸೂದೆ ತಂದಾಗ ಅದರಲ್ಲಿ ಮಗುವನ್ನು ಕಳಿಸದ ಪೋಷಕರಿಗೆ ದಂಡ ಇತ್ತು. ಮಸೂದೆ ಬಿದ್ದುಹೋಯಿತು. 1950ರಲ್ಲಿ ಸಂವಿಧಾನದ 45ನೇ ವಿಧಿ ಹತ್ತು ವರ್ಷದೊಳಗೆ ಹದಿನಾಲ್ಕರವರೆಗಿನ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣ ಕೊಡಲು ಸರ್ಕಾರ ಪ್ರಯತ್ನಿಸಬೇಕು ಅಂದಿತು. ಆದರೆ ಅದು ಮಾರ್ಗದರ್ಶಿ ತತ್ವ. ಆಗಲಿಲ್ಲ ಅಂತ ಕೋರ್ಟಿಗೆ ಹೋಗುವಂತಿರಲಿಲ್ಲ. ಹತ್ತು ವರ್ಷ ಹೋಯಿತು, ನಲವತ್ತೂ ಹೋಯಿತು.

ದಾರಿ ತೆರೆದದ್ದು ನಮ್ಮ ರಾಜ್ಯದ ಒಂದು ಕೇಸು. ಖಾಸಗಿ ಮೆಡಿಕಲ್ ಕಾಲೇಜಿನ ದುಬಾರಿ ಫೀಸಿನ ಬಗ್ಗೆ ಮೋಹಿನಿ ಜೈನ್ ಹೂಡಿದ್ದ ಆ ದಾವೆಯಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ಶಿಕ್ಷಣವೂ ಬದುಕುವ ಹಕ್ಕಿನ ಭಾಗ ಅಂದಿತು. ಮರುವರ್ಷ ಆಂಧ್ರದ ಉನ್ನಿಕೃಷ್ಣನ್ ಪ್ರಕರಣದಲ್ಲಿ ಇದನ್ನು ಹದಿನಾಲ್ಕು ವರ್ಷದವರೆಗೆ ಅಂತ ಖಚಿತಪಡಿಸಿತು. ಡಾಕ್ಟರಾಗಲು ಹೊರಟವರ ಕೇಸಿನಿಂದ ಒಂದನೇ ಕ್ಲಾಸಿನ ಮಗುವಿಗೆ ಹಕ್ಕು ಸಿಕ್ಕಿತು. 2002ರಲ್ಲಿ ಸಂವಿಧಾನಕ್ಕೆ 21ಎ ವಿಧಿ ಸೇರಿತು, ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣ ಮೂಲಭೂತ ಹಕ್ಕು ಅನ್ನುವ ವಿಧಿ ಅದು. ಆರ್‌ಟಿಇ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಈ ಕಾಯ್ದೆಯ 8ನೇ ಸೆಕ್ಷನ್ ಓದಿ. ಮಗು ಸೇರುವಂತೆ, ದಿನಾ ಬರುವಂತೆ, ಎಂಟನೇ ಕ್ಲಾಸ್ ಮುಗಿಸುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ ಅಂತ ಅಲ್ಲಿದೆ. ಮಗುವನ್ನು ಸೇರಿಸುವುದು ಪೋಷಕರ ಕರ್ತವ್ಯ ಅಂತ 10ನೇ ಸೆಕ್ಷನ್ ಹೇಳುತ್ತದೆ, ದಂಡದ ಮಾತಿಲ್ಲ. ನೂರು ವರ್ಷದಲ್ಲಿ ಕಡ್ಡಾಯದ ಭಾರ ಬಡ ಅಪ್ಪನ ಹೆಗಲಿನಿಂದ ಇಳಿದು ಸರ್ಕಾರದ ಹೆಗಲಿಗೆ ಬಂದಿದೆ. ಶಾಲೆಯ ಬಾಗಿಲಲ್ಲಿ ನಿಂತಾಗ ನೀವು ಬೇಡುವವರಲ್ಲ, ಕೇಳುವವರು.

ನಾಳೆಯೇ ಮತ್ತೆ ಹೋಗಿ. ಅರ್ಜಿಯನ್ನು ಬರೆದು ಕೊಡಿ, ಸ್ವೀಕೃತಿ ಕೇಳಿ. ಸೇರಿಸಿಕೊಳ್ಳಲ್ಲ ಅಂದರೆ ಅದನ್ನೂ ಬರೆದುಕೊಡಿ ಅನ್ನಿ. ಹೆಚ್ಚಿನ ಕಡೆ ಇಷ್ಟಕ್ಕೇ ಪ್ರವೇಶ ಆಗಿಬಿಡುತ್ತದೆ. ಆಗದಿದ್ದರೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಹೋಗಿ. ಅಲ್ಲೂ ಕೆಲಸ ಆಗದಿದ್ದರೆ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ. ಹೆಡ್ಮಾಸ್ಟರ್ ಜೊತೆ ಜಗಳ ಮಾತ್ರ ಬೇಡ. ನಾಳೆಯಿಂದ ಆ ಮಕ್ಕಳು ಇರಬೇಕಾದ್ದು ಅವರ ಶಾಲೆಯಲ್ಲೇ ಅಲ್ವಾ?

ಪ್ರಶ್ನೆ: ನನ್ನ ತಂಗಿ ಸೊಲ್ಲಾಪುರದಲ್ಲಿದ್ದಾಳೆ. ಅವಳ ಮಗನಿಗೆ ಆರ್‌ಟಿಇಯಲ್ಲಿ ಖಾಸಗಿ ಶಾಲೆಯ ಸೀಟು ಸಿಕ್ಕಿತು. ನಾವು ವಿಜಯಪುರದವರು. ಇಲ್ಲಿ ಕೇಳಿದರೆ ಈಗ ಹಾಗೆಲ್ಲ ಇಲ್ಲ ಅಂತಾರೆ. ದೇಶಕ್ಕೆಲ್ಲ ಒಂದೇ ಕಾಯ್ದೆ ಅಲ್ವಾ?
(ಓದುಗರು, ವಿಜಯಪುರ)

ಉತ್ತರ: ಕಾಯ್ದೆ ಒಂದೇ, ನಿಯಮ ಬೇರೆ. ಶಿಕ್ಷಣ ಮೊದಲು ರಾಜ್ಯಗಳ ಪಟ್ಟಿಯಲ್ಲಿತ್ತು. 1976ರ 42ನೇ ತಿದ್ದುಪಡಿ ಅದನ್ನು ಕೇಂದ್ರ ಮತ್ತು ರಾಜ್ಯ ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಗೆ ತಂದಿತು. ಹಾಗಾಗಿ ಆರ್‌ಟಿಇಯನ್ನು ಸಂಸತ್ತು ಮಾಡಿತು, ಜಾರಿಯ ನಿಯಮಗಳನ್ನು ರಾಜ್ಯಗಳು ಬರೆದುಕೊಂಡವು.

ಅನುದಾನ ಪಡೆಯದ ಖಾಸಗಿ ಶಾಲೆ ಒಂದನೇ ಕ್ಲಾಸಿನಲ್ಲಿ ಕನಿಷ್ಠ ಶೇ 25ರಷ್ಟು ಸೀಟನ್ನು ಬಡ ಮತ್ತು ಹಿಂದುಳಿದ ವರ್ಗದ ಮಕ್ಕಳಿಗೆ ಕೊಡಬೇಕು ಅನ್ನುವುದು ಕಾಯ್ದೆಯ 12ನೇ ಸೆಕ್ಷನ್. 2012ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅಲ್ಪಸಂಖ್ಯಾತರ ಶಾಲೆಗಳಿಗೆ ಇದು ಅನ್ವಯಿಸುವುದಿಲ್ಲ ಎಂಬುದು 2014ರ ತೀರ್ಪು. ಕರ್ನಾಟಕ ತನ್ನ ನಿಯಮ ಬದಲಿಸಿತು: ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆ ಈ ಸೀಟು ಕೊಡಬೇಕಿಲ್ಲ. 2019ರ ಮೇ ತಿಂಗಳಲ್ಲಿ ನಮ್ಮ ಹೈಕೋರ್ಟ್ ಅದನ್ನು ಒಪ್ಪಿತು. ನಿಮ್ಮ ಊರಿನಲ್ಲಿ ಸೀಟು ಕಾಣದಿರುವುದು ಇದರಿಂದ. ಮಹಾರಾಷ್ಟ್ರ 2024ರ ಫೆಬ್ರವರಿಯಲ್ಲಿ ಹೆಚ್ಚು ಕಡಿಮೆ ಇಂಥದ್ದೇ ನಿಯಮ ತಂದಿತು. ಜುಲೈನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು. ಸೊಲ್ಲಾಪುರಕ್ಕೂ ವಿಜಯಪುರಕ್ಕೂ ನಡುವೆ ಇರುವುದು ನೂರು ಕಿಲೋಮೀಟರ್ ದಾರಿ. ಮಗುವಿನ ಪಾಲಿಗೆ ಅಷ್ಟು ದೂರದಲ್ಲೇ ಕಾನೂನಿನ ಅರ್ಥ ಬದಲಾಗಿದೆ.

ಸರ್ಕಾರಿ ಶಾಲೆ ಪಕ್ಕದಲ್ಲೇ ಇರುವಾಗ ಈ ಸೀಟುಗಳಿಗಾಗಿ ಖಾಸಗಿ ಶಾಲೆಗೆ ಸರ್ಕಾರ ಯಾಕೆ ಹಣ ಕೊಡಬೇಕು ಅನ್ನುವ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಸರ್ಕಾರಿ ಶಾಲೆ ಉಳಿಯಬೇಕು ಅನ್ನುವವಳು ನಾನೂ ಹೌದು. ಆದರೆ ಆ ಮಾತು ನ್ಯಾಯ ಆಗಬೇಕಾದರೆ ಪಕ್ಕದ ಸರ್ಕಾರಿ ಶಾಲೆ ಅದೇ ಕಾಯ್ದೆಯ ಅನುಸೂಚಿಯಲ್ಲಿ ಹೇಳಿದ ಹಾಗೆ ಇರಬೇಕು. ಒಂದರಿಂದ ಐದನೇ ಕ್ಲಾಸಿನವರೆಗೆ ಮಕ್ಕಳು ಅರವತ್ತರೊಳಗಿದ್ದರೂ ಇಬ್ಬರು ಶಿಕ್ಷಕರು ಬೇಕು. ಆರರಿಂದ ಎಂಟಕ್ಕೆ ವಿಜ್ಞಾನ ಮತ್ತು ಗಣಿತ, ಸಮಾಜ, ಭಾಷೆಗಳಿಗೆ ಬೇರೆ ಬೇರೆ ಶಿಕ್ಷಕರು. ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ, ಕುಡಿಯುವ ನೀರು, ಆಟದ ಮೈದಾನ, ಲೈಬ್ರರಿ. ಅಂದರೆ ಒಬ್ಬರೇ ಶಿಕ್ಷಕರಿರುವ ಶಾಲೆ ಕಾಯ್ದೆಗೆ ವಿರುದ್ಧ. ಅವರು ರಜೆ ಹಾಕಿದ ದಿನ ಏನಾಗುತ್ತದೆ ಅಂತ ಹಳ್ಳಿಯವರಿಗೆ ನಾನು ಹೇಳಬೇಕಿಲ್ಲ.

ನಿಮ್ಮ ವಾರ್ಡಿನ ಶಾಲೆ ಹೇಗಿದೆ ಅಂತ ಒಮ್ಮೆ ಹೋಗಿ ನೋಡಿ. ಚೆನ್ನಾಗಿದ್ದರೆ ಧೈರ್ಯವಾಗಿ ಸೇರಿಸಿ. ಕೊರತೆ ಇದ್ದರೂ ಸೇರಿಸಿ, ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಸಮಿತಿಯ ಸಭೆಗೆ ಹೋಗಿ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಹೆಂಗಸರು ಇರಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಶಾಲೆಯ ಮುಂದಿನ ವರ್ಷಗಳ ಯೋಜನೆ ತಯಾರಿಸುವುದೂ ಆ ಸಮಿತಿಯೇ. ಶಿಕ್ಷಕರ ಕೊರತೆ ಆ ಯೋಜನೆಯಲ್ಲಿ ಬರಹದಲ್ಲಿ ದಾಖಲಾಗಲಿ. ಬಾಯಿಮಾತಿನ ದೂರಿಗೆ ಕಚೇರಿಯಲ್ಲಿ ಫೈಲು ತೆರೆಯುವುದಿಲ್ಲ.

ಪ್ರಶ್ನೆ: ಮಗ ಐದನೇ ಕ್ಲಾಸು. ಓದಲ್ಲ, ಫೇಲ್ ಮಾಡ್ತೀವಿ ಅಂತ ಶಾಲೆಯವರು ಹೆದರಿಸುತ್ತಿದ್ದಾರೆ. ಮಾಡಬಹುದಾ?
(ಓದುಗರು, ಹಾಸನ)

ಉತ್ತರ: ಶಾಲೆ ತನ್ನಷ್ಟಕ್ಕೆ ತಾನೇ ಮಾಡುವಂತಿಲ್ಲ. ಎಂಟರವರೆಗೆ ಯಾರನ್ನೂ ಅದೇ ಕ್ಲಾಸಿನಲ್ಲಿ ಉಳಿಸಬಾರದು ಅಂತ ಮೂಲ ಕಾಯ್ದೆ ಹೇಳಿತ್ತು. 2019ರ ತಿದ್ದುಪಡಿ ಐದು ಮತ್ತು ಎಂಟರಲ್ಲಿ ಉಳಿಸಲು ಅನುಮತಿ ಕೊಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು, ಶಾಲೆಗಲ್ಲ. ಸರ್ಕಾರ ಅನುಮತಿ ಕೊಟ್ಟ ಕಡೆಯೂ ಫೇಲಾದ ಮಗುವಿಗೆ ಹೆಚ್ಚುವರಿ ಪಾಠ ಮಾಡಿ ಎರಡು ತಿಂಗಳೊಳಗೆ ಮರುಪರೀಕ್ಷೆ ಕೊಡಬೇಕು. ಎಂಟನೇ ಕ್ಲಾಸ್ ಮುಗಿಯುವವರೆಗೆ ಶಾಲೆಯಿಂದ ಹೊರಗೆ ಹಾಕುವಂತಂತೂ ಇಲ್ಲವೇ ಇಲ್ಲ. ಯಾವ ಆದೇಶದ ಮೇಲೆ ಉಳಿಸುತ್ತೀರಿ, ಅದರ ಪ್ರತಿ ಕೊಡಿ ಅಂತ ಕೇಳಿ. ಮಗನಿಗೆ ಹೆದರಿಸುವ ಮಾತು ಬೇಡ ಅಂತಲೂ ಹೇಳಿ. ಮಾನಸಿಕ ಕಿರುಕುಳವನ್ನೂ 17ನೇ ಸೆಕ್ಷನ್ ನಿಷೇಧಿಸಿದೆ. ಆಮೇಲೆ ಅವನ ಪಕ್ಕ ಕೂತು ಯಾವ ಪಾಠ ಕಷ್ಟ ಆಗ್ತಿದೆ ಅಂತ ವಿಚಾರಿಸಿ.