ಕೊಳಚೆ ನಿಂತರೂ ಹೊಳೆ ಯಾಕೆ ಹಸಿರಾಗುತ್ತದೆ?

ಪ್ರಶ್ನೆ: ನಮ್ಮ ಹೊಳೆಗೆ ಕೊಳಚೆ ನೀರು ಬಿಡುವುದನ್ನು ನಿಲ್ಲಿಸಿ ನಾಲ್ಕು ವರ್ಷವಾಯಿತು. ಆದರೂ ಬೇಸಿಗೆ ಬಂತೆಂದರೆ ನೀರೆಲ್ಲ ಪಾಚಿ. ನೀರು ಪರೀಕ್ಷೆ ಮಾಡಿಸಿದರೆ ಕರಗಿದ ರಂಜಕ (ಫಾಸ್ಫರಸ್) ಕಡಿಮೆ ಇದೆ ಅಂತ ಬಂತು. ಹಾಗಾದರೆ ಪಾಚಿಗೆ ಗೊಬ್ಬರ ಎಲ್ಲಿಂದ? ಹೂಳು ಎತ್ತಿಸಿದರೆ ಸರಿಹೋಗುತ್ತಾ?

ಉತ್ತರ: ಗೊಬ್ಬರ ಬರುತ್ತಿರುವುದು ತಳದ ಹೂಳಿನಿಂದಲೇ ಇರಬೇಕು. ಸಾರಜನಕವಾದರೆ ಸ್ವಲ್ಪ ಗಾಳಿಗೆ ಸೇರಿಹೋಗುತ್ತದೆ. ರಂಜಕಕ್ಕೆ ಆ ದಾರಿ ಇಲ್ಲ. ಒಂದೋ ನೀರಿನ ಜೊತೆ ಹರಿದುಹೋಗಬೇಕು, ಇಲ್ಲ ಮಣ್ಣಿನ ಕಣಕ್ಕೆ ಅಂಟಿಕೊಂಡು ತಳ ಸೇರಬೇಕು. ಹೊಲದ ಗೊಬ್ಬರ, ಮಲಮೂತ್ರ, ಬಟ್ಟೆ ಒಗೆಯುವ ಪುಡಿ, ಹೀಗೆ ವರ್ಷಗಟ್ಟಲೆ ಬಂದದ್ದು ಅಲ್ಲೇ ಕೂತಿರುತ್ತದೆ.

ನೀರು ನಿಂತಂತಿರುವ ಕಡೆ, ಕೈಗವಸು ಹಾಕಿಕೊಂಡು, ಒಂದು ಹಿಡಿ ಹೂಳು ತೆಗೆದು ನೋಡಿ. ಮೇಲೆ ತೆಳ್ಳಗೆ ಕಂದು ಪದರ ಇರಬಹುದು, ಅದರಡಿ ಕಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ. ಆ ಕಂದು ಬಣ್ಣ ಹೆಚ್ಚಾಗಿ ಕಬ್ಬಿಣದ ತುಕ್ಕಿನದು. ಆಮ್ಲಜನಕ ಇರುವವರೆಗೆ ತುಕ್ಕು ರಂಜಕವನ್ನು ಬಿಗಿಯಾಗಿ ಹಿಡಿದಿರುತ್ತದೆ. ಬೇಸಿಗೆಯಲ್ಲಿ ಹರಿವು ಕುಗ್ಗಿ, ನೀರು ಕಾದು, ಸತ್ತ ಪಾಚಿಯನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಳದ ಆಮ್ಲಜನಕ ಮುಗಿಸಿಬಿಟ್ಟರೆ ತುಕ್ಕು ಕರಗುತ್ತದೆ, ರಂಜಕ ಮತ್ತೆ ನೀರಿಗೆ ಬರುತ್ತದೆ. ಸರೋವರ ವಿಜ್ಞಾನಿ ಕ್ಲಿಫರ್ಡ್ ಮಾರ್ಟಿಮರ್ ಇಂಗ್ಲೆಂಡಿನ ಸರೋವರಗಳ ಕೆಸರಿನಲ್ಲಿ ಇದನ್ನು 1941-42ರಲ್ಲೇ ತೋರಿಸಿದ್ದರು.

ಬಂದ ರಂಜಕವನ್ನು ಪಾಚಿ ಕೂಡಲೇ ಹೀರಿಕೊಳ್ಳುತ್ತದೆ. ಹಾಗಾಗಿಯೇ ನಿಮ್ಮ ಪರೀಕ್ಷೆಯಲ್ಲಿ ಅದು ಕಾಣಲಿಲ್ಲ. ಸುಮಾರು 100 ಗ್ರಾಂ ಒಣ ಪಾಚಿಗೆ 1 ಗ್ರಾಂ ರಂಜಕ ಸಾಕು ನೋಡಿ! ಮುಂದಿನ ಸಲ ಬೇಸಿಗೆಯಲ್ಲೇ ಮಾದರಿ ತೆಗೆಸಿ, ಒಟ್ಟು ರಂಜಕ, ಅಂದರೆ ಪಾಚಿಯೊಳಗೆ ಸೇರಿದ್ದೂ ಸೇರಿ, ಅಳೆಯಲು ಹೇಳಿ, ಹೂಳನ್ನೂ ಕೊಡಿ.

ಇನ್ನು ಹೂಳೆತ್ತುವ ಮಾತು. ಸ್ವೀಡನ್ನಿನ ಟ್ರುಮ್ಮೆನ್ ಸರೋವರದ್ದೂ ನಿಮ್ಮದೇ ಕಥೆ. 1950ರ ದಶಕದ ಕೊನೆಗೆ ಕೊಳಚೆ ನಿಲ್ಲಿಸಿದರೂ ಹತ್ತು ವರ್ಷ ಏನೂ ಸುಧಾರಿಸಲಿಲ್ಲ. 1970-71ರಲ್ಲಿ ಮೇಲಿನ ಹೂಳನ್ನು ಪಂಪ್ ಹಾಕಿ ಹೀರಿ ತೆಗೆದ ಮೇಲೆಯೇ ಪಾಚಿ ತಗ್ಗಿದ್ದು. ಆದರೆ ಹೊಳೆ ಸರೋವರವಲ್ಲ, ಅಲ್ವಾ? ಮೇಲಿನ ಹೊಲಗಳ ಮಣ್ಣು ಪ್ರತಿ ಮಳೆಗೂ ಕೊಚ್ಚಿ ಬರುತ್ತಿದ್ದರೆ ಎತ್ತಿದ ಜಾಗ ಮತ್ತೆ ತುಂಬುತ್ತದೆ. ಸುಮ್ನೆ ಯಂತ್ರ ಇಳಿಸಿ ಕಲಕಿದರಂತೂ ಆ ಕಪ್ಪು ಕೆಸರಿನಲ್ಲಿದ್ದದ್ದೆಲ್ಲ ಒಂದೇ ಸಲ ಮೇಲೆದ್ದು ಮೀನು ಸಾಯುವ ಅಪಾಯ ಜಾಸ್ತಿ. ಮೊದಲು ದಡದಲ್ಲಿ ಹುಲ್ಲು, ಗಿಡಗಳ ಅಗಲವಾದ ಪಟ್ಟಿ ಬೆಳೆಸಿ ಆ ಮಣ್ಣನ್ನು ತಡೆಯಿರಿ. ಹೂಳೆತ್ತುವುದು ಆಮೇಲೆ, ಪರೀಕ್ಷೆಯ ವರದಿ ಕೈಗೆ ಬಂದ ಮೇಲೆ.