ಉಪವಾಸ ಮಲಗಿದರೂ ಬೆಳಗ್ಗೆ ಶುಗರ್ ಏರುವುದೇಕೆ?

ಪ್ರಶ್ನೆ: ವಯಸ್ಸು 54, ಅಡಿಕೆ ತೋಟವಿದೆ. ಮಲಗುವಾಗ ಶುಗರ್ 130, ಬೆಳಗ್ಗೆ ಎದ್ದರೆ 170. ಒಂದು ವಾರದಿಂದ ರಾತ್ರಿ ಊಟ ಬಿಟ್ಟು ಬರೀ ಮಜ್ಜಿಗೆ ಕುಡಿದು ಮಲಗುತ್ತಿದ್ದೇನೆ, ಆದರೂ ಇಳಿಯಲಿಲ್ಲ. ರಾತ್ರಿಯ ಶುಗರ್ ಮಾತ್ರೆ ಗ್ಲಿಮೆಪಿರೈಡ್ ಎರಡು ಮಾಡಿಕೊಳ್ಳಲೇ?
– ಓದುಗರು, ತೀರ್ಥಹಳ್ಳಿ ಕಡೆಯವರು

ಉತ್ತರ: ಬೇಡ ಮಾರಾಯ್ರೆ! ಊಟ ಬಿಡಿ ಎಂದು ನಿಮಗೆ ಹೇಳಿದವರಾದರೂ ಯಾರು? ಪ್ರತಿ ತಿಂಗಳೂ ಇದೇ ಪತ್ರ, ಊರು ಮಾತ್ರ ಬೇರೆ.

ಶುಗರ್ ಬರುವುದು ಬಾಯಿಂದ ಮಾತ್ರ ಅಲ್ಲ. ಲಿವರ್ ಒಂದು ಕಣಜ. ನೀವು ನಿದ್ದೆಯಲ್ಲಿದ್ದಾಗ ಮೆದುಳು ಹಸಿಯಬಾರದೆಂದು ಅದು ಗ್ಲೂಕೋಸ್ ಬಿಡುತ್ತಲೇ ಇರುತ್ತದೆ. ಬೆಳಗಿನ ಜಾವ ಮೂರು-ನಾಲ್ಕರಿಂದ ಕಾರ್ಟಿಸಾಲ್, ಗ್ರೋತ್ ಹಾರ್ಮೋನ್ ಎಂಬ ಮೈಯೊಳಗಿನ ಹಾರ್ಮೋನುಗಳು ಏರಿ ಇನ್ನಷ್ಟು ಬಿಡಿಸುತ್ತವೆ. ಕಾಯಿಲೆ ಇಲ್ಲದವರಲ್ಲಿ ಇನ್ಸುಲಿನ್ ಕೂಡಲೇ ಹೆಚ್ಚಿ ಅದನ್ನು ಹಿಡಿದಿಡುತ್ತದೆ. ನಿಮ್ಮಲ್ಲಿ ಆ ಹಿಡಿತ ಸಾಲದು. ಹಾಗಾಗಿ ಉಪವಾಸವಿದ್ದರೂ 170.

ಮೊದಲು ಮಾಡಬೇಕಾದ್ದು ಇಷ್ಟು. ಊಟ ಮತ್ತೆ ಶುರು ಮಾಡಿ. ಎರಡು-ಮೂರು ರಾತ್ರಿ ಮಲಗುವಾಗ, ಮೂರು ಗಂಟೆಗೆ ಅಲಾರಾಂ ಇಟ್ಟು ಎದ್ದು, ಮತ್ತೆ ಬೆಳಗ್ಗೆ ಚಹಾಕ್ಕೆ ಮೊದಲು ನೋಡಿ ಬರೆದಿಡಿ. ಮೂರು ಗಂಟೆಗೆ 130ರ ಆಸುಪಾಸಿದ್ದು ಆಮೇಲೆ ಏರಿದರೆ ನಾನು ಹೇಳಿದ ಜಾವದ ಏರಿಕೆಯೇ. ಮಾತ್ರೆಯ ಬಗೆ ಅಥವಾ ಹೊತ್ತು ಬದಲಿಸಬೇಕಾದೀತು, ಅದನ್ನು ನಿಮ್ಮ ಡಾಕ್ಟರ್ ಮಾಡಲಿ. 70ಕ್ಕಿಂತ ಕೆಳಗಿದ್ದರೆ ಆಗಲೇ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಬೆಳಗಾದ ಕೂಡಲೇ ಡಾಕ್ಟರಿಗೆ ತಿಳಿಸಿ. ನಿಮಗೆ ಔಷಧಿ ಹೆಚ್ಚಾಗಿದೆ ಎಂದರ್ಥ.

ಗ್ಲಿಮೆಪಿರೈಡ್ ನೀವು ಉಂಡರೂ ಬಿಟ್ಟರೂ ಶುಗರ್ ಇಳಿಸುತ್ತದೆ. ಅದನ್ನು ನುಂಗಿ ಊಟ ಬಿಡುವುದೇ ಅಪಾಯ, ಅದರ ಮೇಲೆ ಇನ್ನೊಂದು ಮಾತ್ರೆಯೇ? ನಡುರಾತ್ರಿ ಬೆವರಿ ಪ್ರಜ್ಞೆ ತಪ್ಪಿದರೆ, ತೋಟದ ಮಧ್ಯದ ಮನೆ, ಹೊರಗೆ ಜಡಿಮಳೆ, ಫೋನಿಗೆ ನೆಟ್‌ವರ್ಕ್ ಇಲ್ಲ. ಈ ವಿಷಯದಲ್ಲಿ ನಾನು ಅತಿ ಅಂಜುಬುರುಕ ಎಂದು ಬೈದರೂ ಸರಿ.

ಇನ್ನೊಂದು. ಕೊಯ್ಲಿನ ಕಾಲದಲ್ಲಿ ರಾತ್ರಿ ಹನ್ನೆರಡು ಗಂಟೆವರೆಗೆ ಅಡಿಕೆ ಸುಲಿಯುತ್ತ ಕೂತಾಗ ಎರಡು ಸುತ್ತು ಸಿಹಿ ಚಹಾ, ಒಂದು ಮುಷ್ಟಿ ಅವಲಕ್ಕಿ ಹೋಗುತ್ತದಲ್ಲ, ಅದನ್ನು ಯಾರೂ 'ತಿಂದೆ' ಎಂದು ನನಗೆ ಹೇಳುವುದಿಲ್ಲ. ಹಲಸಿನ ತೊಳೆ ಬಿಡಿಸಿದ ಬೆರಳಿಗೇ ಸೂಜಿ ಚುಚ್ಚಿದರೂ ಮೀಟರ್ ಸುಳ್ಳು ಹೇಳುತ್ತದೆ, ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಸಾಲದು. ಸೋಪು ಹಾಕಿ ತೊಳೆದು ಒಣಗಿಸಿಕೊಳ್ಳಿ. ಮಳೆಗಾಲದಲ್ಲಿ ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಥಂಡಿ ಹಿಡಿದು ಸ್ಟ್ರಿಪ್ ಕೆಡುತ್ತದೆ. ಬಯ್ಯುವುದು ಮಾತ್ರ ಮೀಟರನ್ನು.

ಪ್ರಶ್ನೆ: ಸಕ್ಕರೆ ಬದಲು ಜೋನಿ ಬೆಲ್ಲ ಆಗಬಹುದೇ?

ಉತ್ತರ: ಆಗದು. ಬೆಲ್ಲವೂ ಸಕ್ಕರೆಯೇ.

ಪ್ರಶ್ನೆ: ಮನೆಯ ಮೀಟರಿನಲ್ಲಿ 148, ಲ್ಯಾಬಿನಲ್ಲಿ 139. ಮೀಟರ್ ಬದಲಿಸಲೇ?

ಉತ್ತರ: ಬೇಡ. ಮೀಟರಿಗೆ ಶೇ 15ರಷ್ಟು ಆಚೀಚೆಗೆ ಅವಕಾಶವಿದೆ.

ಪ್ರಶ್ನೆ: ಒಬ್ಬರು ಕೊಟ್ಟ ಬೇರಿನ ಪುಡಿಯಿಂದ ವಾರದಲ್ಲೇ 280 ಇದ್ದದ್ದು 140ಕ್ಕೆ ಇಳಿಯಿತು. ಇಂಗ್ಲಿಷ್ ಮಾತ್ರೆ ನಿಲ್ಲಿಸಲೇ?

ಉತ್ತರ: ಪುಡಿ ನಿಲ್ಲಿಸಿ. ಇಂಥ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಎಂಬ ಶುಗರಿನ ಇಂಗ್ಲಿಷ್ ಮಾತ್ರೆಯನ್ನೇ ಬೆರೆಸಿದ್ದು ಪರೀಕ್ಷೆಗಳಲ್ಲಿ ಸಿಕ್ಕಿದ್ದುಂಟು. ಎಷ್ಟು ಹಾಕಿದ್ದಾರೆಂಬುದು ಅರೆದವನಿಗೇ ಗೊತ್ತು. ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟು, ಏನಿದೆ ಎಂದರೆ 'ಗುರುಗಳ ಗುಟ್ಟು' ಎನ್ನುವವರಿಂದ ಏನನ್ನೂ ತೆಗೆದುಕೊಳ್ಳಬೇಡಿ. ಮಂಡಿನೋವಿನ ಪುಡಿಯೂ ಅಷ್ಟೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಶುಗರ್ ಗಗನಕ್ಕೇರುತ್ತದೆ.

ಪ್ರಶ್ನೆ: ರಕ್ತಪರೀಕ್ಷೆಗೆ ಎರಡು ದಿನ ಮೊದಲು ಕಟ್ಟುನಿಟ್ಟು ಪಥ್ಯ ಮಾಡಿದರೆ ಸಾಕಲ್ಲವೇ?

ಉತ್ತರ: ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಎರಡು-ಮೂರು ತಿಂಗಳ ಶುಗರಿನ ಸರಾಸರಿ ಹೇಳುತ್ತದೆ. ಹೋದ ತಿಂಗಳು ಮದುವೆಮನೆಯಲ್ಲಿ ತಿಂದ ಹೋಳಿಗೆಯೂ ಅದರ ಲೆಕ್ಕದಲ್ಲಿದೆ.