ಯಾರೂ ತಡೆಯದಿದ್ದರೆ ಸಾಕಾ?

ಪ್ರಶ್ನೆ: ನನಗೆ 24 ವರ್ಷ, ಇನ್ನೂ ಓದುತ್ತಿದ್ದೇನೆ. ಖರ್ಚೆಲ್ಲ ಅಣ್ಣನದೇ. ಅವನು ಇದುವರೆಗೆ ಯಾವುದಕ್ಕೂ ಬೇಡ ಅಂದಿಲ್ಲ. ಆದರೂ ಏನೇ ತೀರ್ಮಾನ ಮಾಡುವ ಮೊದಲು ಅವನ ಮುಖ ನೋಡುತ್ತೇನೆ. ಯಾರೂ ತಡೆಯುತ್ತಿಲ್ಲ ಅಂದಮೇಲೆ ನಾನು ಸ್ವತಂತ್ರಳೇ ಅಲ್ವಾ?

ಉತ್ತರ: ‘ಮುಖ ನೋಡುತ್ತೇನೆ’ ಅಂತ ಬರೆದಿದ್ದೀರಲ್ಲ, ನಿಮ್ಮ ಪ್ರಶ್ನೆ ಇರುವುದೇ ಆ ಮಾತಿನಲ್ಲಿ.

ತತ್ವಜ್ಞಾನಿ ಐಸಾಯಾ ಬರ್ಲಿನ್ 1958ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಮಾಡಿದ ಉಪನ್ಯಾಸದಲ್ಲಿ ಸ್ವಾತಂತ್ರ್ಯವನ್ನು ಎರಡು ಬಗೆಯಾಗಿ ನೋಡಿದರು. ಬೇರೆಯವರು ಅಡ್ಡ ಬರದಿರುವುದು ಒಂದು. ನನ್ನ ಬದುಕಿಗೆ ನಾನೇ ಯಜಮಾನಿ ಆಗಿರುವುದು ಇನ್ನೊಂದು. ಮೊದಲ ಲೆಕ್ಕದಲ್ಲಿ ನೀವು ಸ್ವತಂತ್ರರೇ.

ಈ ಲೆಕ್ಕ ಸಾಲದು ಎಂದವರು ಇನ್ನೊಬ್ಬ ತತ್ವಜ್ಞಾನಿ ಫಿಲಿಪ್ ಪೆಟಿಟ್. ಅವರು ಉದಾರವಾದಿಗಳ ಸಾಲಿನವರಲ್ಲ, ಗಣರಾಜ್ಯವಾದಿ; ಅಂದರೆ ಯಾರೂ ಇನ್ನೊಬ್ಬರ ಮರ್ಜಿಯಲ್ಲಿ ಬದುಕುವಂತಾಗಬಾರದು ಎನ್ನುವವರು. ಅವರ ವಾದವನ್ನು ಹೀಗೆ ಹೇಳಬಹುದು. ಒಬ್ಬ ಗುಲಾಮನಿಗೆ ತುಂಬಾ ಒಳ್ಳೆಯ ಒಡೆಯ ಸಿಕ್ಕಿದ್ದಾನೆ. ಹೊಡೆಯುವುದಿಲ್ಲ, ಬೈಯುವುದಿಲ್ಲ, ಬೇಕಾದಲ್ಲಿಗೆ ಹೋಗಲು ಬಿಡುತ್ತಾನೆ. ಆದರೆ ನಾಳೆ ಅವನ ಮನಸ್ಸು ಬದಲಾದರೆ ಕೇಳುವವರು ಯಾರೂ ಇಲ್ಲ. ಹಾಗಾಗಿ ಗುಲಾಮ ದಿನಾ ಬೆಳಗ್ಗೆ ಒಡೆಯನ ಮುಖ ಓದುತ್ತಾನೆ, ಮಾತು ತೂಗಿ ಆಡುತ್ತಾನೆ. ಯಾರೂ ತಡೆದಿಲ್ಲ, ಆದರೂ ಅವನು ಸ್ವತಂತ್ರ ಅಲ್ಲ.

ನಿಮ್ಮಣ್ಣ ಒಡೆಯ ಅಂತ ನಾನು ಹೇಳುತ್ತಿಲ್ಲ. ಪ್ರೀತಿಯಿಂದ ಮುಖ ನೋಡುವುದೂ ಉಂಟು. ಆದ್ದರಿಂದ ನಿಮ್ಮನ್ನೇ ಕೇಳಿಕೊಳ್ಳಿ: ನಾಳೆ ಅವರು ಬೇಡ ಅಂದರೆ ಏನಾಗುತ್ತದೆ? ಸ್ವಲ್ಪ ಬೇಜಾರು ಅಷ್ಟೇನಾ, ಅಥವಾ ಓದೇ ನಿಲ್ಲುತ್ತದಾ?

ಸಲಹೆ ಕೇಳಿದರೆ ಸ್ವಾಯತ್ತತೆ, ಅಂದರೆ ನಮ್ಮ ತೀರ್ಮಾನ ನಾವೇ ಮಾಡುವ ಹಕ್ಕು, ಹೋಗುವುದಿಲ್ಲ. ಈ ಬಗ್ಗೆ ತುಂಬಾ ಜನರಿಗೆ ಸುಮ್ನೆ ಭಯ. ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಒಂದು ಸೇತುವೆಯ ಉದಾಹರಣೆ ಕೊಟ್ಟರು. ಸೇತುವೆ ಕುಸಿಯುವಂತಿದೆ, ಅದು ಗೊತ್ತಿಲ್ಲದೆ ಒಬ್ಬ ಕಾಲಿಡುತ್ತಿದ್ದಾನೆ, ಹೇಳಲು ಸಮಯವಿಲ್ಲ. ಆಗ ಹಿಡಿದೆಳೆದರೆ ತಪ್ಪಿಲ್ಲ. ನದಿಗೆ ಬೀಳುವುದು ಅವನಿಗೂ ಬೇಡ ತಾನೇ. ಆದರೆ ಬೀಳುವುದು ಖಚಿತವಲ್ಲ, ಅಪಾಯ ಮಾತ್ರ ಇದೆ ಎಂದಾದರೆ? ಬುದ್ಧಿ ನೆಟ್ಟಗಿರುವ ವಯಸ್ಕನಿಗೆ ಎಚ್ಚರಿಕೆ ಹೇಳಬಹುದು, ಬಲವಂತ ಮಾಡುವಂತಿಲ್ಲ. ದಾಟುವುದೋ ಬಿಡುವುದೋ ಅವನಿಗೆ ಸೇರಿದ್ದು. ಅಣ್ಣ ಎಚ್ಚರಿಸಲಿ. ಅದು ಅವರ ಅಕ್ಕರೆ.

ತತ್ವಜ್ಞಾನಿ ಜೋಸೆಫ್ ರಾಝ್ 1986ರಲ್ಲಿ ಇನ್ನೊಂದು ಮಾತು ಸೇರಿಸಿದರು: ಆರಿಸಿಕೊಳ್ಳಲು ಸಾಕಷ್ಟು ಒಳ್ಳೆಯ ದಾರಿಗಳೂ ಇರಬೇಕು. ನಿಮ್ಮ ವಿಷಯದಲ್ಲಿ ನನಗೆ ಇದೇ ಜಾಸ್ತಿ ಮುಖ್ಯ ಅನಿಸುತ್ತದೆ. ವಿದ್ಯಾರ್ಥಿವೇತನ, ಅರೆಕಾಲಿಕ ಕೆಲಸ, ಏನಾದರೂ ಸರಿ, ಒಂದು ವರ್ಷದ ಖರ್ಚಿಗೆ ಬೇರೆ ದಾರಿ ಇದೆಯಾ ಅಂತ ಈ ವಾರವೇ ನೋಡಿ. ಹುಡುಕುತ್ತಿದ್ದೀರಿ ಅಂತ ಅಣ್ಣನಿಗೂ ಹೇಳಿ.